ಜರ್ಬಿಲ್‌ಗಳಿಗೆ ಹಾಕಿದ ಒಂದೊಂದು ಹಿಡಿ ಮಂಡಕ್ಕಿ

ನನಗೆ ಕೆಲಸ ಸಿಕ್ಕಿದಾಗ ಅವ್ವ ತಂಬ್ರಹಳ್ಳಿಯ ನಮ್ಮ ಓಣಿಯಲ್ಲೆಲ್ಲ "ಹುಲಿಗೆಮ್ಮ ದೊಡ್ಡ ದವಾಖಾನಿಯಾಗ ಅದಾಳ" ಎಂದು ಹೇಳಿಕೊಂಡು ಬಂದಿದ್ದಳು. ಅದು ದವಾಖಾನೆ ಅಲ್ಲ, ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿರುವ ಒಂದು ಸಣ್ಣ ಸಂಶೋಧನಾ ಕೇಂದ್ರ ಎಂದು ಎಷ್ಟು ಸಲ ಹೇಳಿದರೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಒಂದು ದಿನ ಚಿಗವ್ವ ನನ್ನನ್ನು ಹಿಡಿದು ನಿಲ್ಲಿಸಿ ಕೇಳಿದಳು.

"ಖರೇವಂದ್ರೂ ಅಲ್ಲಿ ಏನ್ ಮಾಡ್ತೀಯವ್ವ?"

"ಇಲಿಗೆ ಹೊಟ್ಟಿಬ್ಯಾನಿ ಬರಸ್ತೀನಿ, ಚಿಗವ್ವ. ಆಮ್ಯಾಲೆ ಆ ಬ್ಯಾನಿ ಹೆಂಗ ಬಂತು ಅಂತ ನೋಡ್ತೀನಿ."

"ಅಷ್ಟಕ್ಕ ಪಗಾರ ಕೊಡ್ತಾರ?"

"ಕೊಡ್ತಾರ."

"ನಮ್ಮ ಮನ್ಯಾಗೂ ಇಲಿ ಭಾಳ ಅದಾವ, ಬಂದು ಒಯ್ಯಿ" ಎಂದಳು ಚಿಗವ್ವ.

ಮೂವತ್ತೈದು ವರ್ಷ ಆ ಕೆಲಸ ಮಾಡಿ ಹೋದ ವರ್ಷ ನಿವೃತ್ತಳಾದೆ. ಬೀಳ್ಕೊಡುವ ದಿನ ಶಾಲು ಹೊದಿಸಿ, ನಾನು ಯಾವ ಹುದ್ದೆಯಿಂದ ಯಾವ ಹುದ್ದೆಗೆ ಏರಿದೆ ಎಂಬ ಪಟ್ಟಿಯನ್ನು ಓದಿದರು. ಅದನ್ನು ಕೇಳುತ್ತಾ ನನಗೇ ಆಕಳಿಕೆ ಬಂತು. ಎಲ್ಲ ಮುಗಿದ ಮೇಲೆ ನನ್ನ ಜಾಗಕ್ಕೆ ಬಂದ ಹುಡುಗಿ ಪಕ್ಕಕ್ಕೆ ಬಂದು, "ಮೇಡಂ, ಈ ಕೆಲಸದಾಗ ಯಾವುದರ ಬಗ್ಗೆ ಹುಷಾರಾಗಿರಬೇಕ್ರಿ?" ಎಂದು ಕೇಳಿದಳು. ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅದು. ಅವಳಿಗೂ ಅವಳಂಥವರಿಗೂ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಮನುಷ್ಯರ ಜಠರದಲ್ಲಿ ಒಂದು ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ಕಬ್ಬಿಣವನ್ನೂ ತಿನ್ನುವಂಥ ಆಮ್ಲದಲ್ಲಿ ಅದು ಹಾಯಾಗಿ ಬದುಕುತ್ತದೆ. ಕೆಲವರಿಗೆ ಅದರಿಂದ ಏನೂ ಆಗುವುದಿಲ್ಲ, ಕೆಲವರಿಗೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಅದರೊಳಗೆ ಸಾವಿರಕ್ಕೂ ಹೆಚ್ಚು ಜೀನ್‌ಗಳಿವೆ. ಆದರೆ ಎಲ್ಲವೂ ಎಲ್ಲ ಹೊತ್ತಿನಲ್ಲೂ ಕೆಲಸ ಮಾಡುವುದಿಲ್ಲ. ಅಡುಗೆಮನೆಯಲ್ಲಿ ನೂರು ಪಾತ್ರೆ ಇದ್ದರೂ ಇವತ್ತು ಒಲೆಯ ಮೇಲೆ ಇರುವುದು ಮೂರೇ ಅಲ್ಲವೇ, ಹಾಗೆ. ಯಾವುದು ಒಲೆಯ ಮೇಲಿದೆ ಎಂದು ತಿಳಿಯಲು ನಮಗೆ ಸಿಗುವುದು ಆರ್‌ಎನ್‌ಎ ಎಂಬ ವಸ್ತು. ಅದು ಒಗ್ಗರಣೆಯ ವಾಸನೆಯಂಥದು, ಕೆಲವೇ ನಿಮಿಷ ಇದ್ದು ಹೋಗಿಬಿಡುತ್ತದೆ. ಬದುಕಿರುವ ಮನುಷ್ಯನ ಜಠರವನ್ನು ತೆಗೆದು ನೋಡುವ ಹಾಗಿಲ್ಲವಾದ್ದರಿಂದ ಇಲಿಗಳಿಗೆ ಸೋಂಕು ಹತ್ತಿಸಿ, ಕೆಲವು ವಾರ ಬಿಟ್ಟು, ಅರಿವಳಿಕೆ ಕೊಟ್ಟು, ಅವುಗಳ ಜಠರ ತೆಗೆಯುತ್ತಿದ್ದೆವು. ಹೌದು, ಅವು ಸಾಯುತ್ತಿದ್ದವು. ಅದಕ್ಕೆ ಸಮಿತಿಯ ಅನುಮತಿ ಇರುತ್ತಿತ್ತು, ಎಷ್ಟು ಬೇಕೋ ಅದಕ್ಕಿಂತ ಒಂದೂ ಹೆಚ್ಚು ಬಳಸುವ ಹಾಗಿರಲಿಲ್ಲ. ಆದರೂ ಮೂವತ್ತೈದು ವರ್ಷದಲ್ಲಿ ಒಂದು ದಿನವೂ ಅದು ನನಗೆ ರೂಢಿಯಾಗಲಿಲ್ಲ. ರೂಢಿಯಾಯಿತು ಎನ್ನುವವರನ್ನು ನಾನು ಅಷ್ಟಾಗಿ ನಂಬುವುದೂ ಇಲ್ಲ.

ನಮ್ಮ ಮುಖ್ಯಸ್ಥರು ಹಡಗಲಿ ಕಡೆಯ ವೀರಭದ್ರಪ್ಪ ಸರ್. ಮೊದಲ ದಿನ ನನ್ನ ಹೆಸರು ಕೇಳಿ, "ಇಲಿ ಕಾಯಾಕ ಹುಲಿಗೆಮ್ಮ ಬಂದಾಳ, ಇನ್ನ ಚಿಂತಿಲ್ಲ" ಎಂದರು. ಅದೇ ದಿನ ಮಧ್ಯಾಹ್ನ ಒಂದು ಬಿಳಿ ಇಲಿ ನನ್ನ ಹೆಬ್ಬೆರಳನ್ನು ಕಚ್ಚಿತು. ಸಂಜೆಯೊಳಗೆ ಗೇಟಿನ ಕಾವಲುಗಾರನ ತನಕ ಎಲ್ಲರಿಗೂ ಆ ಸುದ್ದಿ ಮುಟ್ಟಿತ್ತು. ವರ್ಷಗಟ್ಟಲೆ ಅದನ್ನೇ ಹೇಳಿ ನಗುತ್ತಿದ್ದರು.

ಆಮೇಲೆ ನಮ್ಮಲ್ಲಿಗೆ ಜರ್ಬಿಲ್‌ಗಳು ಬಂದವು. ಮರಳುನಾಡಿನ ಕಂದು ಬಣ್ಣದ ಇಲಿಗಳು, ಬಾಲದ ತುದಿಯಲ್ಲಿ ಕುಚ್ಚು. ಈ ಸೋಂಕಿನಿಂದ ಅವುಗಳ ಜಠರದಲ್ಲಿ ಮನುಷ್ಯರ ಹಾಗೆಯೇ ಹುಣ್ಣಾಗುತ್ತದೆಂದು ತರಿಸಿದ್ದರು. ಬಿಳಿ ಇಲಿಯನ್ನು ಬಾಲದ ಬುಡ ಹಿಡಿದು ಎತ್ತಿ ಅಭ್ಯಾಸವಾಗಿದ್ದ ನಾನು ಮೊದಲ ಜರ್ಬಿಲನ್ನೂ ಹಾಗೆಯೇ, ಅದೂ ಬಾಲದ ನಡುವಿಗೆ ಹಿಡಿದು ಎತ್ತಿದೆ. ಬಾಲದ ಚರ್ಮ ಕಾಲುಚೀಲದ ಹಾಗೆ ಕಳಚಿ ನನ್ನ ಕೈಗೆ ಬಂತು. ಅದು ತಪ್ಪಿಸಿಕೊಳ್ಳಲು ದೇವರು ಅದಕ್ಕೆ ಕೊಟ್ಟ ಉಪಾಯವಂತೆ. ನನಗೆ ಯಾರು ಹೇಳಿದ್ದರು? ಕೂತು ಅತ್ತೆ. ವೀರಭದ್ರಪ್ಪ ಸರ್ ಬಂದು, ಗಾಯಕ್ಕೆ ಔಷಧ ಹಚ್ಚಿಸಿ, ನನ್ನ ಕಡೆ ತಿರುಗಿ, "ಅಳೋದು ಮುಗೀತಾ? ಬರದೀಯೇನು?" ಎಂದರು. ಅವರದು ಅದೊಂದೇ ಪ್ರಶ್ನೆ. ಮಾಡಿದೆಯಾ ಎಂದು ಕೇಳುತ್ತಿರಲಿಲ್ಲ, ಸರಿಯಾಗಿ ಮಾಡಿದೆಯಾ ಎಂದೂ ಕೇಳುತ್ತಿರಲಿಲ್ಲ, ದಿನದ ಕೆಲಸ ಬರೆದಿಡುವ ಪುಸ್ತಕದಲ್ಲಿ ಬರೆದೆಯಾ ಎಂದೇ ಕೇಳುತ್ತಿದ್ದರು. ಜರ್ಬಿಲನ್ನು ಎರಡೂ ಅಂಗೈಯಲ್ಲಿ ಬಾಚಿಕೊಂಡು ಎತ್ತಬೇಕು ಎಂದು ಆ ದಿನದ ಪುಟದಲ್ಲಿ ಬರೆದೆ.

ತೆಗೆದ ಜಠರವನ್ನು ಕೂಡಲೇ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಅದ್ದಬೇಕು, ಇಲ್ಲದಿದ್ದರೆ ಆರ್‌ಎನ್‌ಎ ಹಾಳಾಗುತ್ತದೆ. ಆ ನೈಟ್ರೋಜನ್ ದೂರದಿಂದ ಜೀಪಿನಲ್ಲಿ ಬರಬೇಕಾಗಿತ್ತು. ಅದು ತಪ್ಪಿದಾಗ ನಾವು ಕೂಡ್ಲಿಗಿಯ ಪಶುವೈದ್ಯರೊಬ್ಬರಿಂದ ಕಡ ತರುತ್ತಿದ್ದೆವು. ಎಮ್ಮೆ ಆಕಳುಗಳಿಗೆ ಇಂಜೆಕ್ಷನ್ ಹಾಕಿ ಗಬ್ಬ ಮಾಡಿಸುವ ವೈದ್ಯರು ಹೋರಿಯ ವೀರ್ಯವನ್ನು ಅದರಲ್ಲೇ ಇಟ್ಟಿರುತ್ತಾರೆ. ಒಂದು ಸಲ ಅವರ ಕ್ಯಾನು ನಮ್ಮ ಗೇಟಿನೊಳಗೆ ಹೋದದ್ದನ್ನು ಹಾದಿಯಲ್ಲಿ ಹೋಗುತ್ತಿದ್ದ ಒಬ್ಬ ರೈತ ನೋಡಿದ. ಮರುದಿನ ಬೆಳಿಗ್ಗೆ ಎಮ್ಮೆ ಹಿಡಿದುಕೊಂಡು ಗೇಟಿನಲ್ಲಿ ನಿಂತಿದ್ದ.

"ಇಲ್ಲಿ ಎಮ್ಮಿಗೆ ಹಾಕಂಗಿಲ್ಲರೀ, ಇದು ಇಲಿಗೆ" ಎಂದೆ.

ಅವನು ಎಮ್ಮೆಯ ಬೆನ್ನ ಮೇಲೆ ಕೈ ಇಟ್ಟು ಕೇಳಿದ. "ಇಲೀನೂ ಗಬ್ಬ ಮಾಡಸ್ತೀರೇನವ್ವ? ಅವಕ್ಕೇನ್ ಕಮ್ಮಿ ಆಗ್ಯಾವು?"

ಬಿಸಿಲಲ್ಲಿ ಮೂರು ಹರದಾರಿ ನಡೆದು ಬಂದವನನ್ನು ಹಾಗೇ ಕಳಿಸಲು ಸರ್‌ಗೆ ಮನಸ್ಸಾಗಲಿಲ್ಲ. ಪಶುವೈದ್ಯರಿಗೆ ಫೋನ್ ಮಾಡಿ ಕರೆಸಿದರು, ನಮ್ಮ ಅಂಗಳದ ಬೇವಿನ ಮರದ ಕೆಳಗೇ ಎಮ್ಮೆಗೆ ಇಂಜೆಕ್ಷನ್ ಆಯಿತು. ಮುಂದಿನ ವರ್ಷ ಆ ರೈತ ಒಂದು ಡಬರಿ ಗಿಣ್ಣು ತಂದ. ಪ್ರಯೋಗಾಲಯದೊಳಗೆ ತಿನ್ನುವ ಪದಾರ್ಥ ತರುವ ಹಾಗಿಲ್ಲ ಎಂದು ವಿಜ್ಞಾನಿಗಳೆಲ್ಲ ಅದೇ ಮರದ ಕೆಳಗೆ ನಿಂತು ಗಿಣ್ಣು ತಿಂದರು. ಆ ವರ್ಷ ನಮ್ಮ ಪ್ರಯೋಗಗಳಲ್ಲಿ ಸರಿಯಾಗಿ ಫಲ ಕೊಟ್ಟದ್ದು ಅದೊಂದೇ ಎಂದು ಸರ್ ಹೇಳುತ್ತಿದ್ದರು.

ಇಲಿಗೆ ಹತ್ತಿಸುವ ಬ್ಯಾಕ್ಟೀರಿಯಾ ಬರುತ್ತಿದ್ದದ್ದು ನಮ್ಮ ಸುತ್ತಲಿನ ಜನರ ಹೊಟ್ಟೆಯಿಂದಲೇ. ಕೊಟ್ಟೂರಿನಲ್ಲಿ ಒಂದು ತಪಾಸಣಾ ಶಿಬಿರ ಮಾಡಿ, ಹೊಟ್ಟೆಯೊಳಗೆ ನಳಿಕೆ ಇಳಿಸಿ ನೋಡಿ, ಒಪ್ಪಿದವರಿಂದ ಚೂರು ಮಾದರಿ ತೆಗೆದುಕೊಂಡೆವು. ರೋಗಿಗಳ ಹೆಸರು ಗುಟ್ಟಾಗಿರಬೇಕು, ಅದಕ್ಕೆ ಬರೀ ಗುರುತು: ಕೊ-೧, ಕೊ-೨ ಹೀಗೆ. ಕೊ-೭ ಕೊಟ್ಟವನು ಮಿರ್ಚಿ ಮಂಡಕ್ಕಿ ಗಾಡಿಯ ಕೊಟ್ರಪ್ಪ. ಸಾಲಿನಲ್ಲಿ ತಾನು ಏಳನೆಯವನಾಗಿ ನಿಂತಿದ್ದನ್ನು ಲೆಕ್ಕ ಹಾಕಿಕೊಂಡು ತನ್ನ ಗುಟ್ಟನ್ನು ತಾನೇ ಊರಿಗೆಲ್ಲ ಸಾರಿದ. ಗುಳಿಗೆ ತಿಂದು ಅವನ ಹೊಟ್ಟೆ ಪೂರ್ತಿ ವಾಸಿಯಾದ ಮೇಲೂ ನಾನು ಗಾಡಿಯ ಮುಂದೆ ಹಾದರೆ ಸಾಕು, ಕೂಗಿ ಕೇಳುತ್ತಿದ್ದ.

"ಅಕ್ಕಾರ, ನನ್ನ ಹುಳ ಹೆಂಗೈತ್ರಿ? ಉಣ್ಣಾಕ ತಿನ್ನಾಕ ಸರಿಯಾಗಿ ಕೊಡ್ತೀರಿಲ್ಲ?"

ಕೆಲಸದ ರೀತಿ ನನ್ನ ಕಣ್ಣೆದುರಿಗೇ ಬದಲಾಯಿತು. ಮೊದಮೊದಲು ಒಂದು ಜೀನ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ನೋಡಲು ಒಂದು ವಾರ ಬೇಕಾಗುತ್ತಿತ್ತು. ಕತ್ತಲೆ ಕೋಣೆಯಲ್ಲಿ ಒಂದು ಮಸುಕು ಗೆರೆ ಕಂಡರೆ ಮೂರು ಜನ ಸೇರಿ ಅದು ಗೆರೆಯೋ ಕಲೆಯೋ ಎಂದು ಜಗಳಾಡುತ್ತಿದ್ದೆವು. ಆಮೇಲೆ ಒಂದು ಮಧ್ಯಾಹ್ನಕ್ಕೆ ಹತ್ತಾರು ಜೀನ್‌ಗಳನ್ನು ಅಳೆಯುವ ಯಂತ್ರ ಬಂತು. ಈಗಂತೂ ಎಲ್ಲ ಜೀನ್‌ಗಳ ಲೆಕ್ಕವೂ ಒಟ್ಟಿಗೇ ಬಣ್ಣದ ಚಿತ್ರವಾಗಿ ಕಂಪ್ಯೂಟರಿಗೆ ಬಂದು ಬೀಳುತ್ತದೆ. ಹೊಸ ಹುಡುಗಿಯರು ಆ ಬಣ್ಣದ ಚಿತ್ರ ನೋಡಿ ಬಹಳ ನಂಬುತ್ತಾರೆ. ನಾನೂ ನಂಬುತ್ತೇನೆ. ಆದರೆ ಇಲಿ ಬೆಳಿಗ್ಗೆ ಏನು ತಿಂದಿತ್ತು ಎಂಬುದು ಯಂತ್ರಕ್ಕೆ ಗೊತ್ತಿರುವುದಿಲ್ಲ.

ಈಗ ಆ ವಿಷಯಕ್ಕೆ ಬರುತ್ತೇನೆ. ಆಗ ನಾನು ಕೆಲಸಕ್ಕೆ ಸೇರಿ ಹದಿನೆಂಟು ವರ್ಷವಾಗಿತ್ತು, ಹೊಸಬಳು ಎಂಬ ನೆಪ ಹೇಳುವ ಹಾಗೂ ಇಲ್ಲ.

ಹರಪನಹಳ್ಳಿಯ ರೇಷ್ಮಾ ಎಂಬ ಹುಡುಗಿ ನಮ್ಮಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಚುರುಕು, ಮಾತು ಕಡಿಮೆ, ನನ್ನನ್ನು ಬಾಯಿ ತುಂಬ "ಅಕ್ಕಾ" ಎನ್ನುತ್ತಿದ್ದಳು. ಅವಳ ಪ್ರಶ್ನೆ ಇಷ್ಟು: ಕೊ-೭ ಎಂಬ ನಮ್ಮ ಕೊಟ್ಟೂರಿನ ಬ್ಯಾಕ್ಟೀರಿಯಾ ಜಠರದ ಆಮ್ಲದಲ್ಲಿ ಬದುಕಲು ಯಾವ ಜೀನ್‌ಗಳನ್ನು ಕೆಲಸಕ್ಕೆ ಹಚ್ಚುತ್ತದೆ, ಪ್ರಯೋಗಾಲಯಗಳಲ್ಲಿ ಎಲ್ಲರೂ ಬಳಸುವ ಹಳೆಯ ತಳಿಗೂ ಇದಕ್ಕೂ ಏನು ವ್ಯತ್ಯಾಸ? ಆರು ಪೆಟ್ಟಿಗೆ ಜರ್ಬಿಲ್‌ಗಳಿಗೆ ಹಳೆಯ ತಳಿ, ಆರು ಪೆಟ್ಟಿಗೆಗೆ ಕೊ-೭. ಮೂರು ತಿಂಗಳು ಸಾಕಿ, ಕೊನೆಯ ದಿನ ಜಠರ ತೆಗೆಯಬೇಕು. ಹಿಂದಿನ ಸಂಜೆಯಿಂದ ಅವು ಉಪವಾಸ ಇರಬೇಕು. ಹೊಟ್ಟೆಯಲ್ಲಿ ಅನ್ನ ಇದ್ದರೆ ಆಮ್ಲದ ಬಿರುಸು ಕಡಿಮೆಯಾಗುತ್ತದೆ, ಆಗ ಬ್ಯಾಕ್ಟೀರಿಯಾದ ನಡವಳಿಕೆಯೇ ಬೇರೆಯಾಗಬಹುದು.

ಆ ದಿನ ಬೆಳಿಗ್ಗೆ ಹಳೆಯ ತಳಿಯ ಆರು ಪೆಟ್ಟಿಗೆ ಮುಗಿಯುವಷ್ಟರಲ್ಲಿ ನೈಟ್ರೋಜನ್ ಖಾಲಿಯಾಯಿತು. ಇನ್ನೊಂದು ಕ್ಯಾನು ತರುತ್ತಿದ್ದ ಜೀಪು ಹಾದಿಯಲ್ಲಿ ಪಂಕ್ಚರ್. ಎಲ್ಲರೂ ಕಾದೆವು. ರೇಷ್ಮಾ ಜೀಪು ನೋಡಲು ಗೇಟಿಗೆ ಹೋದಳು. ಪ್ರಾಣಿಗಳ ಕೋಣೆಯಲ್ಲಿ ನಾನೊಬ್ಬಳೇ. ಪಕ್ಕದಲ್ಲಿ ಬಟ್ಟೆ ಬದಲಾಯಿಸುವ ಒಂದು ಸಣ್ಣ ಕೋಣೆ, ನಡುವೆ ಗಾಜಿನ ಬಾಗಿಲು. ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದೆ, ಮಧ್ಯಾಹ್ನ ಎರಡು ದಾಟಿತ್ತು, ತಲೆ ಸುತ್ತುತ್ತಿತ್ತು. ಅಲ್ಲಿ ಉಣ್ಣುವ ಹಾಗಿರಲಿಲ್ಲ, ಆದರೂ ಆ ಸಣ್ಣ ಕೋಣೆಯಲ್ಲಿ ಕೂತು ಬುತ್ತಿ ಬಿಚ್ಚಿದೆ. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ, ಜೊತೆಗೆ ಹಿಂದಿನ ದಿನ ಕೊಟ್ರಪ್ಪ ಕಟ್ಟಿಕೊಟ್ಟ ಒಂದು ಚೀಲ ಬರೀ ಮಂಡಕ್ಕಿ.

ನಮ್ಮ ಅಜ್ಜಿಯ ಒಂದು ಪದ್ಧತಿ ಇತ್ತು. ಹಸಿದ ಜೀವ ನೋಡುತ್ತಿರುವಾಗ ತಾನೊಬ್ಬಳೇ ಉಣ್ಣುತ್ತಿರಲಿಲ್ಲ. ನಾಯಿಯಿರಲಿ, ಕೋಳಿಯಿರಲಿ, ಓಣಿಯ ಯಾರದೋ ಕೂಸಿರಲಿ, ಮೊದಲ ತುತ್ತು ಅದಕ್ಕೆ. ಅಪ್ಪ ಬುದ್ಧನ ಪಟ ತಂದು ಗೋಡೆಗೆ ಹಾಕಿದ ಮೇಲೆ ನಮ್ಮ ಮನೆಯಲ್ಲಿ ಎಷ್ಟೋ ಹಳೆಯ ಪದ್ಧತಿಗಳು ಬಿಟ್ಟುಹೋದವು. ಇದೊಂದನ್ನು ಅಪ್ಪನೇ ಗಟ್ಟಿಯಾಗಿ ಹಿಡಿದ. ನಮಗೆಲ್ಲ ಅದು ಉಸಿರಾಟದಷ್ಟೇ ಅಭ್ಯಾಸ.

ಗಾಜಿನ ಆಚೆ ಆರು ಪೆಟ್ಟಿಗೆಯ ಜರ್ಬಿಲ್‌ಗಳೂ ಹಿಂಗಾಲಿನ ಮೇಲೆ ಎದ್ದು ನಿಂತು, ಮುಂಗೈ ಜೋಡಿಸಿ, ನನ್ನ ಕಡೆಗೇ ಮೂಗು ಆಡಿಸುತ್ತಿದ್ದವು. ಮುರಿದ ರೊಟ್ಟಿ ಬಾಯಿಗೆ ಹೋಗಲಿಲ್ಲ. ಇನ್ನೊಂದು ಗಂಟೆಯಲ್ಲಿ ಸಾಯುವ ಜೀವಗಳು, ಹಸಿದುಕೊಂಡು ಸಾಯುತ್ತವಲ್ಲ ಎನ್ನಿಸಿತು. ಎದ್ದು ಹೋಗಿ ಪೆಟ್ಟಿಗೆಗೆ ಒಂದೊಂದು ಹಿಡಿ ಮಂಡಕ್ಕಿ ಹಾಕಿದೆ. ಮಂಡಕ್ಕಿ ಎಂದರೆ ಗಾಳಿ, ಅದರಿಂದ ಏನಾಗುತ್ತದೆ ಎಂದುಕೊಂಡೆ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಒಂದು ಕಾಳೂ ಉಳಿಯಲಿಲ್ಲ. ಆಮೇಲೆ ನೆಮ್ಮದಿಯಾಗಿ ಉಂಡೆ.

ಜೀಪು ಬಂತು, ಕೆಲಸ ನಡೆಯಿತು. ಮೊದಲ ಜಠರ ಬಿಡಿಸಿದಾಗ ರೇಷ್ಮಾ ಕೈ ನಿಲ್ಲಿಸಿದಳು.

"ಅಕ್ಕಾ, ಇದೇನಿದು ಬೆಳ್ಳಗೆ ಅಂಟು?"

"ಹಾಸಿನ ಹೊಟ್ಟು ಕಡಿದಿರಬೇಕವ್ವ, ಹಸಿವಿಗೆ" ಎಂದೆ.

ಪೆಟ್ಟಿಗೆಗಳಲ್ಲಿ ಭತ್ತದ ಹೊಟ್ಟನ್ನೇ ಹಾಸುತ್ತಿದ್ದೆವು, ಅವಳು ನಂಬಿದಳು. ಉಪ್ಪುನೀರಿನಲ್ಲಿ ತೊಳೆದು ಮುಂದೆ ಹೋದಳು. ಮಂಡಕ್ಕಿ ಹಾಕಿದ್ದು ಕರುಣೆ ಎಂದು ಬೇಕಾದರೆ ಒಪ್ಪಬಹುದು. ಹೊಟ್ಟು ಎಂದ ಈ ಮಾತು ಹಾಗಲ್ಲ. ಬೈಸಿಕೊಳ್ಳುವ ಹೆದರಿಕೆಗೆ ಹೇಳಿದ ಸುಳ್ಳು ಅದು. ಆ ದಿನದ ಪುಟದಲ್ಲಿ ಉಪವಾಸ ಸರಿಯಾಗಿತ್ತು ಎಂದೇ ಬರೆದೆ.

ಲೆಕ್ಕ ಬರಲು ಎರಡು ತಿಂಗಳಾಯಿತು. ಬಂದಾಗ ಕೇಂದ್ರದಲ್ಲಿ ಹಬ್ಬ. ಹಳೆಯ ತಳಿ ಆಮ್ಲ ತಡೆಯುವ ಜೀನ್‌ಗಳನ್ನೆಲ್ಲ ಭರ್ಜರಿಯಾಗಿ ಓಡಿಸಿತ್ತು. ನಮ್ಮ ಕೊ-೭ ಅವನ್ನು ಮುಟ್ಟಿಯೇ ಇರಲಿಲ್ಲ ಎನ್ನುವ ಹಾಗೆ ಸುಮ್ಮನಿತ್ತು. ವೀರಭದ್ರಪ್ಪ ಸರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಈ ಹುಳ ಆಮ್ಲಕ್ಕ ಹೆದರಂಗಿಲ್ಲ ನೋಡ್ರಿ. ಬ್ಯಾರೆ ಏನೋ ಹಾದಿ ಹುಡುಕ್ಯಾದ. ಅದನ್ನ ಹಿಡಿದ್ರ ರೇಷ್ಮಾನ ಕೆಲಸ ಎಲ್ಲಾರೂ ಓದ್ತಾರ" ಎಂದರು. ಸುದ್ದಿ ಹೇಗೋ ಕೊಟ್ರಪ್ಪನಿಗೂ ಮುಟ್ಟಿತು. "ಮಿರ್ಚಿ ತಿಂದು ಬೆಳೆದ ಹುಳರೀ ಅದು, ಅದಕ್ಕ ಆಮ್ಲ ಯಾವ ಲೆಕ್ಕ" ಎಂದು ಗಾಡಿಗೆ ಬಂದವರಿಗೆಲ್ಲ ಹೇಳಿದ. ನಾನೂ ಹಿಗ್ಗಿದೆ. ನಂಬಿದರೆ ನಂಬಿ, ಮಂಡಕ್ಕಿಯ ನೆನಪು ಆಗ ನನಗೆ ಬರಲೇ ಇಲ್ಲ.

ಆ ನೆನಪು ಬಂದದ್ದು ಒಂದು ಶುಕ್ರವಾರ. ಸೋಮವಾರ ಹೊರಗಿನ ಪ್ರಾಧ್ಯಾಪಕರ ಮುಂದೆ ರೇಷ್ಮಾ ಆ ಫಲಿತಾಂಶವನ್ನು ಹೇಳಬೇಕಿತ್ತು. ಅವಳ ಫೆಲೋಶಿಪ್ ಮುಗಿಯಲು ಇನ್ನು ಒಂಬತ್ತೇ ತಿಂಗಳು. ಈ ಫಲಿತಾಂಶದ ಮೇಲೆಯೇ ಅವಳ ಪ್ರಬಂಧ ನಿಂತಿತ್ತು. ಖಾಲಿ ಕೋಣೆಯಲ್ಲಿ ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದಳು, ನಾನು ಟ್ಯೂಬುಗಳನ್ನು ಜೋಡಿಸುತ್ತಿದ್ದೆ. "ಎರಡೂ ಗುಂಪಿನ ಪ್ರಾಣಿಗಳ ಜಠರ ಖಾಲಿ ಇತ್ತು. ಆದ್ದರಿಂದ ಈ ವ್ಯತ್ಯಾಸ ಆಹಾರದಿಂದ ಬಂದದ್ದಲ್ಲ" ಎಂದಳು.

ಟ್ಯೂಬು ಕೆಳಗಿಟ್ಟು ಮನಸ್ಸಿನಲ್ಲೇ ಎಣಿಸಿದೆ. ಮಂಡಕ್ಕಿ ಹಾಕಿದ್ದು ಆರು ಪೆಟ್ಟಿಗೆಗೆ, ಆರೂ ಕೊ-೭. ಹಳೆಯ ತಳಿಯ ಒಂದು ಪೆಟ್ಟಿಗೆಗೂ ಆ ಹಾಳಾದ ಮಂಡಕ್ಕಿಯ ಒಂದು ಕಾಳು ಬಿದ್ದಿರಲಿಲ್ಲ.

ಶನಿವಾರವಿಡೀ ನನಗೆ ನಾನೇ ವಕೀಲಿ ಮಾಡಿಕೊಂಡೆ. ಒಂದು ಹಿಡಿಯಿಂದ ಅಷ್ಟು ಆಗಿರಲಾರದು ಎಂದುಕೊಂಡೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಹೇಳಿದರೆ ಆ ಹುಡುಗಿಯ ಮೂರು ವರ್ಷ ಮಣ್ಣುಪಾಲು ಎಂದೂ ಅಂದುಕೊಂಡೆ. ಆದರೆ ಅವಳು ಇನ್ನು ಜೀವನಪೂರ್ತಿ ಇಲ್ಲದ ಹಾದಿಯನ್ನು ಹುಡುಕುತ್ತಾ ಹೋಗುತ್ತಾಳಲ್ಲ ಎಂದು ನೆನೆದಾಗ ನನ್ನ ವಕೀಲಿ ಅಲ್ಲಿಗೇ ನಿಂತಿತು. ಭಾನುವಾರ ಬೆಳಿಗ್ಗೆ ಹರಪನಹಳ್ಳಿ ಬಸ್ಸು ಹತ್ತಿದೆ.

ರೇಷ್ಮಾಳ ತಾಯಿ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದುಕೊಂಡರು. "ಬರ್ರಿ ಬರ್ರಿ, ಮಗಳು ದಿನಾ ನಿಮ್ಮ ಮಾತೇ ಆಡ್ತಾಳೆ. ಕುಂದರ್ರಿ, ಚಾ ಕುಡೀರಿ" ಎಂದು ಚಹಾ, ಖಾರ, ಬಾಳೆಹಣ್ಣು ಎಲ್ಲ ತಂದಿಟ್ಟರು. ನಾನು ಕಪ್ಪು ಮುಟ್ಟಲಿಲ್ಲ. ತಾಯಿ ಒಳಗೆ ಹೋದ ಮೇಲೆ ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ.

ಅವಳು ನೆಲ ನೋಡುತ್ತಾ ಕೇಳಿದಳು. "ಎಷ್ಟು ಪೆಟ್ಟಿಗೆಗೆ ಹಾಕಿದ್ರಿ?"

"ಆರಕ್ಕೂ."

"ಆರೂ ಕೊ-ಏಳರವೇನಾ?"

"ಹೌದವ್ವ."

"ಬೆಳ್ಳಗೆ ಕಂಡಿದ್ದು ಅದೇನಾ?"

"ಅದಾ."

"ಹೊಟ್ಟು ಅಂದ್ರಲ್ಲ ನೀವು" ಎಂದಳು. ಅವಳು ಎದ್ದು ನನ್ನ ಮುಂದಿದ್ದ ಕಪ್ಪು ತೆಗೆದುಕೊಂಡು ಹೋಗಿ ತೊಳೆದಿಟ್ಟಳು. ಬಾಗಿಲ ತನಕ ಬಂದು, "ಸರ್ ಮುಂದೆ ನೀವೇ ಹೇಳ್ರಿ, ಹುಲಿಗೆಮ್ಮ ಅವ್ರೇ. ನಾನು ಹೇಳಲ್ಲ" ಎಂದಳು. ಅಕ್ಕ ಎಂಬ ಮಾತು ಹೋಗಿತ್ತು.

ಸೋಮವಾರ ಬೆಳಿಗ್ಗೆ ಸರ್ ಮುಂದೆ ನಿಂತು ಹೇಳಿದೆ, ಕೆಲಸ ಬಿಡುತ್ತೇನೆ ಎಂದೂ ಹೇಳಿದೆ. ಸರ್‌ಗೆ ಸಿಟ್ಟು ಬಂದಿದ್ದು ಕಿವಿ ಕೆಂಪಾದದ್ದರಿಂದ ತಿಳಿಯಿತು. ಪುಸ್ತಕ ನನ್ನ ಕಡೆ ನೂಕಿದರು.

"ಬರಿ. ಹಳೇ ಪುಟ ತಿದ್ದಬ್ಯಾಡ. ಇವತ್ತಿನ ಪುಟದಾಗ, ಇವತ್ತಿನ ತಾರೀಖು ಹಾಕಿ ಬರಿ. ಸುಳ್ಳು ಹೇಳಿದ್ದನ್ನೂ ಬರಿ."

"ಆಮ್ಯಾಲೆ ಹೋಗ್ಲೇನ್ರಿ ಸರ್?"

"ಹೋದ್ರ ಈ ಹುಡುಗಿ ಪ್ರಯೋಗ ಮತ್ತ ಮಾಡಬೇಕಲ್ಲ, ಜರ್ಬಿಲ್ ಯಾರು ಹಿಡೀತಾರ? ನಾ ಹಿಡೀಲೇನು? ನನಗ ಕಡೀತಾವ."

ಅಂದಿನ ಸಭೆ ನಿಲ್ಲಲಿಲ್ಲ. ರೇಷ್ಮಾ ಎದ್ದು ನಿಂತು ತನ್ನ ಚೆಂದದ ಚಿತ್ರವನ್ನು ತೋರಿಸಿ, ಇದನ್ನು ನಂಬುವ ಹಾಗಿಲ್ಲ, ಒಂದು ಗುಂಪಿನ ಪ್ರಾಣಿಗಳಿಗೆ ಆಹಾರ ಸಿಕ್ಕಿತ್ತು, ಇದು ನಮ್ಮಿಂದ ಆದ ತಪ್ಪು ಎಂದಳು. ನಮ್ಮಿಂದ ಎಂದಳು. ನಾನು ಕೊನೆಯ ಸಾಲಿನಲ್ಲಿ ಸೆರಗಿನಿಂದ ಮೂಗು ಒರೆಸಿಕೊಂಡೆ. ಆದರೆ ಮುಂದಿನ ವಾರಗಳಲ್ಲಿ ಅವಳು ನನ್ನೊಂದಿಗೆ ಆಡಿದ್ದು "ಟ್ಯೂಬ್ ಕೊಡ್ರಿ", "ಐಸ್ ತರ್ರಿ", ಇಷ್ಟೇ. ಅದು ಅವಳ ಹಕ್ಕು ಎಂದು ನಾನೂ ಸುಮ್ಮನಿದ್ದೆ.

ಎರಡು ವಾರದ ಮೇಲೆ ಒಂದು ಬೆಳಿಗ್ಗೆ ಅವಳು ಸಣ್ಣ ತಕ್ಕಡಿ ಯಂತ್ರ ಮತ್ತು ಒಂದು ಚೀಲ ಮಂಡಕ್ಕಿ ತಂದು ನನ್ನ ಮುಂದೆ ಇಟ್ಟಳು. "ಅವತ್ತು ಹಾಕಿದಂಗೇ ಒಂದು ಹಿಡಿ ತಗೊಳ್ರಿ" ಎಂದಳು. ತೆಗೆದುಕೊಂಡೆ. ತೂಗಿ ಬರೆದಳು. "ಇನ್ನೊಂದು." ಹತ್ತು ಸಲ ತೆಗೆಸಿದಳು. ಹತ್ತೂ ಸಲ ತೂಕದಲ್ಲಿ ಕೂದಲೆಳೆಯಷ್ಟೇ ಹೆಚ್ಚು ಕಡಿಮೆ. ಅವಳು ಅಂಕಿಗಳನ್ನು ನೋಡಿ, "ನಮ್ಮ ಹನಿ ಅಳೆಯೋ ಪಿಪೆಟ್‌ಗಿಂತ ವಾಸಿ ಐತೆ ನಿಮ್ಮ ಕೈ" ಎಂದಳು. ನಗಲಿಲ್ಲ, ಆದರೂ ಅಂದಳು.

ಅವಳ ವಿಚಾರ ಇದು: ಕೊ-೭ ಹತ್ತಿಸಿದ ಜರ್ಬಿಲ್‌ಗಳಲ್ಲಿ ಅರ್ಧಕ್ಕೆ ಪೂರ್ತಿ ಉಪವಾಸ, ಅರ್ಧಕ್ಕೆ ಕೊನೆಯಲ್ಲಿ ನನ್ನ ಒಂದು ಹಿಡಿ. ಹಳೆಯ ತಳಿಗೂ ಹಾಗೆಯೇ. ಹಿಂದೆ ತಪ್ಪಾಗಿ ಆದದ್ದನ್ನು ಈಗ ಲೆಕ್ಕ ಹಿಡಿದು ಮಾಡುವುದು. ಮತ್ತೆ ಸಮಿತಿಯ ಅನುಮತಿ, ಮತ್ತೆ ಮೂರು ತಿಂಗಳು. ಅವಳು ಒಂದು ರಜೆ ಹಾಕಲಿಲ್ಲ, ನಾನೂ ಹಾಕಲಿಲ್ಲ. ಜಠರ ತೆಗೆಯುವ ದಿನಗಳಲ್ಲಿ ನೈಟ್ರೋಜನ್ ಎರಡು ಕ್ಯಾನು ಮೊದಲೇ ತರಿಸಿ, ಬಾಗಿಲಿಗೆ ಬೆನ್ನು ಹಚ್ಚಿ ಕೂತು ಕಾದೆ.

ಲೆಕ್ಕ ಬಂತು. ಉಪವಾಸ ಇದ್ದಾಗ ಕೊ-೭ ಎಲ್ಲ ತಳಿಗಳ ಹಾಗೆ ಆಮ್ಲಕ್ಕೆ ಹೆದರಿ ತನ್ನ ಜೀನ್‌ಗಳನ್ನೆಲ್ಲ ಕೆಲಸಕ್ಕೆ ಹಚ್ಚಿತ್ತು. ಮಂಡಕ್ಕಿ ಬಿದ್ದ ಹೊಟ್ಟೆಗಳಲ್ಲಿ ಎರಡೂ ತಳಿಗಳು ಸುಮ್ಮನಾಗಿದ್ದವು. ನಮ್ಮ ಹುಳದಲ್ಲಿ ವಿಶೇಷ ಏನೂ ಇರಲಿಲ್ಲ. ಕೊಟ್ರಪ್ಪನಿಗೆ ಇದನ್ನು ಹೇಳಲು ನನಗೆ ಧೈರ್ಯ ಬೇಕಾಯಿತು. ಮುಖ ಸಣ್ಣದು ಮಾಡಿಕೊಂಡು, "ಹಂಗಾದ್ರ ಎಲ್ಲಾರ ಹುಳದಂಗ ಇದೂ ಒಂದು ಹುಳ ಅನ್ರಿ" ಎಂದ. ಆದರೆ ಅದನ್ನು ಸುಮ್ಮನಾಗಿಸಿದ್ದು ತನ್ನ ಗಾಡಿಯ ಮಂಡಕ್ಕಿ ಎಂದು ಕೇಳಿ ಮತ್ತೆ ಎದೆ ಉಬ್ಬಿಸಿದ.

ಲೋಕವೇ ಓದುವಂಥ ಫಲಿತಾಂಶ ಅಲ್ಲ ಅದು. ಆದರೆ ಒಂದು ತುತ್ತು ಅನ್ನ ಎಷ್ಟು ಬೇಗ ಬ್ಯಾಕ್ಟೀರಿಯಾದ ನಡವಳಿಕೆಯನ್ನು ಬದಲಿಸುತ್ತದೆ ಎಂದು ರೇಷ್ಮಾ ಖಚಿತವಾಗಿ ತೋರಿಸಿದ್ದಳು, ಅವಧಿ ಮುಗಿಯುವ ಮೊದಲೇ ಪ್ರಬಂಧ ಒಪ್ಪಿಸಿದಳು. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಹಿರಿಯ ಪ್ರಾಧ್ಯಾಪಕಿಯೊಬ್ಬರು ಪುಟ ತಿರುವುತ್ತಾ ಒಂದು ಕಡೆ ನಿಂತರು.

"ಇಲ್ಲಿ ಆಹಾರದ ಪ್ರಮಾಣ ಗ್ರಾಮಿನಲ್ಲಿ ಕೊಟ್ಟಿದ್ದೀರಿ, ಸರಿ. ಅದರ ಪಕ್ಕದಲ್ಲಿ 'ಹುಲಿಗೆಮ್ಮನ ಒಂದು ಹಿಡಿ' ಅಂತ ಇದೆಯಲ್ಲ, ಇದು ಯಾವ ಅಳತೆ?"

ಸಭೆಯಲ್ಲಿ ನಗು. ರೇಷ್ಮಾ ಹಿಂದಿನ ಸಾಲಿಗೆ ಕೈ ತೋರಿಸಿ, "ಅಲ್ಲಿ ಕೂತಿದ್ದಾರೆ ಮೇಡಂ, ಅವರನ್ನೇ ಕೇಳಬಹುದು" ಎಂದಳು. ಎದ್ದು ನಿಂತೆ.

"ಯಾಕಮ್ಮ ಹಾಕಿದಿರಿ?" ಎಂದರು ಪ್ರಾಧ್ಯಾಪಕಿ.

"ನಾ ಉಣಬೇಕಾಗಿತ್ರಿ. ಅವು ಹಸಿದು ನನ್ನ ಕಡೆ ನೋಡಾಕ ಹತ್ತಿದ್ವು."

ಮತ್ತೆ ನಗು. ಅವರೂ ನಕ್ಕರು. "ಈಗಲೂ ಪ್ರಾಣಿಗಳನ್ನು ಉಪವಾಸ ಇಡುತ್ತೀರಲ್ಲ, ಈಗ ಏನು ಮಾಡುತ್ತೀರಿ?"

"ಈಗ ಅವು ಉಪವಾಸ ಇದ್ದ ದಿನ ನಾನೂ ಉಣ್ಣಂಗಿಲ್ರಿ. ಕೆಲಸ ಎಲ್ಲ ಮುಗಿದ ಮ್ಯಾಲೆ ಮನಿಗೆ ಹೋಗಿ ಉಣ್ತೀನಿ."

ಯಾರೂ ನಗಲಿಲ್ಲ. ಬುತ್ತಿಯನ್ನು ತಂದು ಹಾಗೇ ವಾಪಸು ಒಯ್ಯುತ್ತಿದ್ದದ್ದು ನನ್ನೊಬ್ಬಳಿಗೇ ಗೊತ್ತಿದ್ದ ವಿಷಯ. ದೊಡ್ಡದಾಗಿ ಹೇಳಿಕೊಳ್ಳುವಂಥದ್ದು ಎಂದು ನನಗೆ ಅನ್ನಿಸಿಯೂ ಇರಲಿಲ್ಲ. ರೇಷ್ಮಾ ತಿರುಗಿ ನನ್ನ ಮುಖ ನೋಡಿದಳು. ಅಷ್ಟೂ ದಿನ ಪಕ್ಕದಲ್ಲೇ ನಿಂತು ಕೆಲಸ ಮಾಡಿದ್ದಳು, ಅವಳಿಗೂ ಇದು ತಿಳಿದಿರಲಿಲ್ಲ. ಪ್ರಾಧ್ಯಾಪಕಿ ಮುಂದಿನ ಪುಟಕ್ಕೆ ಹೋದರು.

ಅವಳು ಪಾಸಾದಳು. ಬೇವಿನ ಮರದ ಕೆಳಗೆ ಊಟಕ್ಕೆ ಹಾಕಿದ್ದರು. ನಾನು ನೀರಿನ ಕೊಡದ ಹತ್ತಿರ ನಿಂತಿದ್ದೆ. ರೇಷ್ಮಾ, ಅಭಿನಂದಿಸಲು ಬಂದವರನ್ನೆಲ್ಲ ದಾಟಿಕೊಂಡು, ತುಂಬಿದ ತಟ್ಟೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದಳು.

"ಅಕ್ಕಾ, ಇವತ್ತು ಯಾವೂ ಉಪವಾಸ ಇಲ್ಲ. ಉಣ್ರಿ" ಎಂದಳು.